ತಿಂಗಳ ಕೊನೆಯ ರಾತ್ರಿ ಹಿಂದೆ ಬೀಳುವ ಮೀಸಲು ಸರ್ವರ್: ಪೋಸ್ಟ್‌ಗ್ರೆಸ್ ಲಾಗ್ ರವಾನೆಯ ಬಗ್ಗೆ

ಪ್ರಶ್ನೆ

ನಾನು ಒಂದು ಪತ್ತಿನ ಸಹಕಾರ ಸಂಘದ ಗಣಕ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಸದಸ್ಯರ ಉಳಿತಾಯ, ಸಾಲ, ಠೇವಣಿಗಳ ಲೆಕ್ಕವೆಲ್ಲ ದಾವಣಗೆರೆಯ ಪ್ರಧಾನ ಕಚೇರಿಯ ಒಂದೇ ಸರ್ವರಿನಲ್ಲಿ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 15ನೇ ಆವೃತ್ತಿಯಲ್ಲಿದೆ. ಡೇಟಾಬೇಸಿನ ಗಾತ್ರ ಸುಮಾರು 180 ಜಿಬಿ. ಆ ಯಂತ್ರ ಕೆಟ್ಟರೆ ಎಲ್ಲ ಶಾಖೆಗಳ ಕೌಂಟರುಗಳೂ ನಿಲ್ಲುತ್ತವೆ ಎಂಬ ಕಾರಣಕ್ಕೆ ಚಿತ್ರದುರ್ಗದ ಶಾಖೆಯಲ್ಲಿ ಒಂದು ಮೀಸಲು ಸರ್ವರ್ ಇಟ್ಟು, ಸ್ಟ್ರೀಮಿಂಗ್ ರೆಪ್ಲಿಕೇಶನ್ ಮೂಲಕ ಲಾಗ್ (ಪ್ರತಿ ಬದಲಾವಣೆಯ ದಾಖಲೆ) ಹುಟ್ಟಿದಂತೆಲ್ಲ ಕಳುಹಿಸುವ ವ್ಯವಸ್ಥೆ ಮಾಡಿದ್ದೇನೆ. ನಡುವೆ ಸೆಕೆಂಡಿಗೆ 20 ಮೆಗಾಬಿಟ್‌ನ ಲೀಸ್ಡ್ ಲೈನ್ ಇದೆ.

ತಿಂಗಳು ಪೂರ್ತಿ ಎಲ್ಲವೂ ಸರಿಯಾಗಿ ನಡೆಯುತ್ತದೆ. ಆದರೆ ತಿಂಗಳ ಕೊನೆಯ ರಾತ್ರಿ ಬಡ್ಡಿ ಲೆಕ್ಕ ಹಾಕುವ ಕೆಲಸ ಓಡಿದ ಮೇಲೆ ಬೆಳಿಗ್ಗೆ ನೋಡಿದರೆ, ಬೇಕಾದ ವಾಲ್ ಕಡತವನ್ನು (ಆ ಲಾಗ್ ಇರುವ ಕಡತ) ಪ್ರಧಾನ ಸರ್ವರ್ ಆಗಲೇ ಅಳಿಸಿಬಿಟ್ಟಿದೆ ಎಂಬ ದೋಷ ಸಂದೇಶದೊಂದಿಗೆ ಮೀಸಲು ಸರ್ವರ್ ನಿಂತಿರುತ್ತದೆ. ಲೈನ್ ರಾತ್ರಿ ಕಡಿದುಹೋಗುತ್ತಿರಬೇಕು ಎಂದು ನನ್ನ ಅನುಮಾನ. ಈಗಾಗಲೇ ಮೂರು ಸಲ ಇಡೀ ಡೇಟಾಬೇಸನ್ನು ಪಿಜಿ_ಬೇಸ್‌ಬ್ಯಾಕಪ್ ಆಜ್ಞೆಯ ಮೂಲಕ ಮೊದಲಿನಿಂದ ನಕಲು ಮಾಡಿದ್ದೇನೆ. ಪ್ರತಿ ಸಲವೂ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ. ಹಳೆಯ ಲಾಗನ್ನು ಎಷ್ಟು ಉಳಿಸಿಕೊಳ್ಳಬೇಕೆಂದು ಹೇಳುವ ವಾಲ್_ಕೀಪ್_ಸೈಜ್ 2 ಜಿಬಿ ಇದೆ, ಉಳಿದ ಹೊಂದಿಕೆಗಳನ್ನು ಮುಟ್ಟಿಲ್ಲ. ಬಡ್ಡಿಯ ಕೆಲಸ ಒಂದು ಗಂಟೆ ಓಡುತ್ತದೆ. ಅದರ ಮೊದಲಿನ ಮತ್ತು ನಂತರದ ಲಾಗ್ ಸ್ಥಾನಗಳನ್ನು ಕಳೆದು ನೋಡಿದಾಗ 30 ಜಿಬಿ ಲಾಗ್ ಹುಟ್ಟಿತ್ತು. ನಾನು ರೆಪ್ಲಿಕೇಶನ್ ಸ್ಲಾಟ್ ಬಳಸಬೇಕೇ, ಲಾಗ್ ಕಡತಗಳನ್ನು ಬೇರೆಡೆ ಆರ್ಕೈವ್ ಮಾಡಬೇಕೇ? ಒಂದು ವಹಿವಾಟೂ ಕಳೆಯದಂತೆ ಸಿಂಕ್ರೊನಸ್ (ಮೀಸಲು ಸರ್ವರ್ ಪಡೆದೆನೆಂದ ಮೇಲೆಯೇ ವಹಿವಾಟು ಮುಗಿಯುವಂತೆ) ಮಾಡುವುದು ಒಳ್ಳೆಯದೇ?

ಉತ್ತರ 1

ನಿಮ್ಮ ಲೈನ್ ಕಡಿಯದೇ ಇದ್ದರೂ ಇದು ಆಗಿಯೇ ಆಗುತ್ತಿತ್ತು. ಸೆಕೆಂಡಿಗೆ 20 ಮೆಗಾಬಿಟ್ ಎಂದರೆ 2.5 ಮೆಗಾಬೈಟ್, ಅಂದರೆ ಗಂಟೆಗೆ ಹೆಚ್ಚೆಂದರೆ 9 ಜಿಬಿ. ನಿಮ್ಮ ಕೆಲಸ ಅದೇ ಗಂಟೆಯಲ್ಲಿ 30 ಜಿಬಿ ಹುಟ್ಟಿಸುತ್ತದೆ. ಪ್ರತಿ ನಿಮಿಷಕ್ಕೆ ಸುಮಾರು 350 ಎಂಬಿಯಷ್ಟು ಬಾಕಿ ಬೆಳೆಯುವುದರಿಂದ, ಕೆಲಸ ಶುರುವಾದ ಆರು ನಿಮಿಷಗಳೊಳಗೆ ಬಾಕಿ 2 ಜಿಬಿ ದಾಟುತ್ತದೆ, ಮತ್ತು ಮುಂದಿನ ಚೆಕ್‌ಪಾಯಿಂಟ್ (ಅಲ್ಲಿಯವರೆಗಿನ ಬದಲಾವಣೆಗಳನ್ನೆಲ್ಲ ಟೇಬಲ್ ಕಡತಗಳಿಗೆ ಏರಿಸುವ ಹಂತ) ಮುಗಿಯುವಾಗ ಪ್ರಧಾನ ಸರ್ವರ್ ಹಳೆಯ ಕಡತಗಳನ್ನು ತೆಗೆದುಹಾಕುತ್ತದೆ. ಚಿತ್ರದುರ್ಗದ ಯಂತ್ರ ಕೇಳುವ ಹೊತ್ತಿಗೆ ಆ ಕಡತ ಇರುವುದಿಲ್ಲ.

ಸಹಕಾರ ಸಂಘದವರಿಗೆ ಇದನ್ನು ಕಿರ್ದಿ ಮತ್ತು ಖಾತಾವಣಿಯ ಮಾತಿನಲ್ಲಿ ಹೇಳುವುದು ಸುಲಭ. ಯಾವ ವಹಿವಾಟನ್ನಾದರೂ ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಬಿಡುವಾದಾಗ ಆಯಾ ಖಾತೆಗೆ ಏರಿಸುತ್ತೇವೆ. ಪೋಸ್ಟ್‌ಗ್ರೆಸ್ ಕೂಡ ಬದಲಾವಣೆಯನ್ನು ಮೊದಲು 16 ಎಂಬಿ ಗಾತ್ರದ ವಾಲ್ ಕಡತಗಳಲ್ಲಿ ಬರೆದು, ಟೇಬಲ್ ಕಡತಗಳಿಗೆ ನಂತರ ಏರಿಸುತ್ತದೆ. ಮೀಸಲು ಸರ್ವರ್ ಮಾಡುವುದು ಇಷ್ಟೇ: ಆರಂಭದ ಒಂದು ಪ್ರತಿಯನ್ನು ಇಟ್ಟುಕೊಂಡು, ಬರುವ ಕಿರ್ದಿಯ ಪುಟಗಳನ್ನು ಒಂದೂ ಬಿಡದೆ ಅದೇ ಕ್ರಮದಲ್ಲಿ ಏರಿಸುತ್ತಾ ಹೋಗುವುದು. ನಡುವಿನ ಒಂದು ಪುಟ ಕಳೆದರೂ ಮುಂದಿನದನ್ನು ಏರಿಸುವಂತಿಲ್ಲ, ಆದ್ದರಿಂದಲೇ ನೀವು ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕಾಗಿದೆ.

ಸ್ಲಾಟ್‌ಗಿಂತ ಮೊದಲು, 30 ಜಿಬಿ ಯಾಕೆ ಹುಟ್ಟುತ್ತಿದೆ ಎಂಬುದನ್ನು ನೋಡಿ ಎಂದು ನನ್ನ ಸಲಹೆ. ಪ್ರತಿ ಚೆಕ್‌ಪಾಯಿಂಟ್‌ನ ನಂತರ ಟೇಬಲ್ ಕಡತದ ಒಂದು ಪುಟ ಮೊದಲ ಬಾರಿಗೆ ಬದಲಾದಾಗ, ಅರ್ಧ ಬರೆದ ಪುಟದಿಂದ ಹಾನಿಯಾಗದಿರಲೆಂದು ಪೋಸ್ಟ್‌ಗ್ರೆಸ್ ಆ 8 ಕೆಬಿ ಪುಟವನ್ನು ಇಡಿಯಾಗಿ ಲಾಗ್‌ಗೆ ಬರೆಯುತ್ತದೆ. ಎಷ್ಟು ಲಾಗ್ ಸೇರಿದರೆ ಚೆಕ್‌ಪಾಯಿಂಟ್ ನಡೆಯಬೇಕೆಂದು ಹೇಳುವ ಮ್ಯಾಕ್ಸ್_ವಾಲ್_ಸೈಜ್‌ನ ಮೂಲ ಹೊಂದಿಕೆ ಕೇವಲ 1 ಜಿಬಿ. ನಿಮ್ಮ ವೇಗದಲ್ಲಿ ಅದು ಒಂದೆರಡು ನಿಮಿಷಕ್ಕೇ ತುಂಬಿ, ಚೆಕ್‌ಪಾಯಿಂಟ್ ಮತ್ತೆ ಮತ್ತೆ ನಡೆದು, ಅದೇ ಪುಟಗಳು ಹತ್ತಾರು ಸಲ ಇಡಿಯಾಗಿ ಲಾಗ್ ಸೇರುತ್ತವೆ. ಚೆಕ್‌ಪಾಯಿಂಟ್‌ಗಳು ತೀರಾ ಹತ್ತಿರ ಹತ್ತಿರ ನಡೆಯುತ್ತಿವೆ ಎಂಬ ಎಚ್ಚರಿಕೆ ನಿಮ್ಮ ಸರ್ವರಿನ ಸಂದೇಶಗಳ ಲಾಗಿನಲ್ಲಿ (ಇದು ವಾಲ್ ಅಲ್ಲ) ಸಾಲುಸಾಲಾಗಿ ಇರಬೇಕು, ಹುಡುಕಿ ನೋಡಿ. ಮ್ಯಾಕ್ಸ್_ವಾಲ್_ಸೈಜ್ ಅನ್ನು 16 ಜಿಬಿಗೆ, ಚೆಕ್‌ಪಾಯಿಂಟ್_ಟೈಮ್‌ಔಟ್ ಅನ್ನು 5ರಿಂದ 30 ನಿಮಿಷಕ್ಕೆ ಏರಿಸಿ, ವಾಲ್_ಕಂಪ್ರೆಶನ್ ಅನ್ನು ಎಲ್‌ಝಡ್4 ಎಂಬ ಕುಗ್ಗಿಸುವ ವಿಧಾನಕ್ಕೆ ಇಡಿ. 15ನೇ ಆವೃತ್ತಿಯಿಂದ ಆ ಆಯ್ಕೆ ಇದೆ, ಮತ್ತು ಅದು ಕುಗ್ಗಿಸುವುದು ಈ ಇಡೀ ಪುಟಗಳನ್ನೇ. ಯಂತ್ರ ಹಠಾತ್ತಾಗಿ ನಿಂತರೆ ಮತ್ತೆ ಏಳಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ಇದಕ್ಕೆ ತೆರಬೇಕಾದ ಬೆಲೆ.

ಅದಾದ ಮೇಲೆ ಸ್ಲಾಟ್ ಮಾಡಿ. ಮೀಸಲು ಸರ್ವರ್ ಎಲ್ಲಿಯವರೆಗೆ ಪಡೆದಿದೆ ಎಂಬುದನ್ನು ಪ್ರಧಾನ ಸರ್ವರ್ ಸ್ಲಾಟ್‌ನಲ್ಲಿ ಗುರುತಿಟ್ಟುಕೊಂಡು, ಅಲ್ಲಿಂದ ಮುಂದಿನ ಒಂದು ಕಡತವನ್ನೂ ಅಳಿಸುವುದಿಲ್ಲ.

ಉತ್ತರ 2

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಸ್ಲಾಟ್‌ನ ಮಾತನ್ನು ಅಲ್ಲಿಗೇ ಬಿಡುವುದು ಅಪಾಯ. ಚಿತ್ರದುರ್ಗದ ಯಂತ್ರ ಶನಿವಾರ ಸಂಜೆ ನಿಂತು ಯಾರೂ ಗಮನಿಸದೆ ಹೋದರೆ, ಸ್ಲಾಟ್ ಹಿಡಿದಿಟ್ಟ ಕಡತಗಳಿಂದ ದಾವಣಗೆರೆಯ ಡಿಸ್ಕ್ ತುಂಬಿ, ವಾಲ್ ಬರೆಯಲು ಜಾಗವಿಲ್ಲದೆ ಪ್ರಧಾನ ಸರ್ವರೇ ನಿಲ್ಲುತ್ತದೆ. ಕಾಯಲೆಂದು ಇಟ್ಟ ಯಂತ್ರವೇ ಮುಖ್ಯ ಯಂತ್ರವನ್ನು ಕೆಡವಿದ್ದನ್ನು ನಾನು ಒಂದು ಕೆಲಸದ ಜಾಗದಲ್ಲಿ ಕಣ್ಣಾರೆ ಕಂಡಿದ್ದೇನೆ. 13ನೇ ಆವೃತ್ತಿಯಿಂದ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಎಂಬ ಮಿತಿ ಇದೆ. ಮೂಲ ಹೊಂದಿಕೆಯಲ್ಲಿ ಅದಕ್ಕೆ ಮಿತಿಯೇ ಇರುವುದಿಲ್ಲ. ವಾಲ್ ಇರುವ ವಿಭಾಗದಲ್ಲಿ 100 ಜಿಬಿ ಖಾಲಿ ಇದ್ದರೆ ಇದನ್ನು 60 ಜಿಬಿಗೆ ಇಡಿ. ಮಿತಿ ಮೀರಿದರೆ ಸ್ಲಾಟ್ ಅಮಾನ್ಯವಾಗಿ ಮೀಸಲು ಸರ್ವರ್ ಹಿಂದೆ ಉಳಿಯುತ್ತದೆ, ಆದರೆ ಕೌಂಟರ್ ನಿಲ್ಲುವುದಿಲ್ಲ. ಎರಡರಲ್ಲಿ ಯಾವುದು ಕಡಿಮೆ ನಷ್ಟ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಾಗೆ ಹಿಂದೆ ಉಳಿದ ಯಂತ್ರವನ್ನು ಮತ್ತೆ ಮೇಲೆತ್ತಲು ಆರ್ಕೈವ್ ಬೇಕು. ತುಂಬಿದ ಪ್ರತಿಯೊಂದು ವಾಲ್ ಕಡತವನ್ನು ಆರ್ಕೈವ್_ಕಮಾಂಡ್ ಮೂಲಕ ಮೂರನೆಯ ಯಂತ್ರಕ್ಕೆ ಕುಗ್ಗಿಸಿ ಕಳುಹಿಸಿ. ಮೀಸಲು ಸರ್ವರಿನ ರಿಸ್ಟೋರ್_ಕಮಾಂಡ್ ಅಲ್ಲಿಂದ ತಂದುಕೊಳ್ಳಲಿ. ಸ್ಟ್ರೀಮಿಂಗ್‌ನಲ್ಲಿ ಕಡತ ಸಿಗದಿದ್ದಾಗ ಅದು ತಾನಾಗಿಯೇ ಆರ್ಕೈವ್ ಕಡೆ ತಿರುಗಿ, ಸಮನಾದ ಮೇಲೆ ಮತ್ತೆ ಸ್ಟ್ರೀಮಿಂಗ್‌ಗೆ ಬರುತ್ತದೆ. ಒಂದು ಎಚ್ಚರಿಕೆ: ಆರ್ಕೈವ್ ಆಗದ ಕಡತವನ್ನೂ ಪ್ರಧಾನ ಸರ್ವರ್ ಅಳಿಸುವುದಿಲ್ಲ, ಮತ್ತು ಸ್ಲಾಟ್‌ನ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಆ ಮೂರನೆಯ ಯಂತ್ರದ ಮೇಲೂ ಕಣ್ಣಿರಬೇಕು.

ಆರ್ಕೈವ್‌ಗೆ ಇನ್ನೊಂದು, ನನ್ನ ಪ್ರಕಾರ ಇನ್ನೂ ದೊಡ್ಡ ಕಾರಣವಿದೆ. ಮೀಸಲು ಸರ್ವರ್ ಬ್ಯಾಕಪ್ ಅಲ್ಲ. ಯಾರಾದರೂ ತಪ್ಪಿ ಒಂದು ಟೇಬಲನ್ನು ಅಳಿಸಿದರೆ, ಆ ಅಳಿಸುವಿಕೆಯೂ ಕೆಲವೇ ಕ್ಷಣಗಳಲ್ಲಿ ಚಿತ್ರದುರ್ಗವನ್ನು ತಲುಪುತ್ತದೆ. 2017ರ ಜನವರಿ 31ರಂದು ತಂತ್ರಾಂಶದ ಸಂಕೇತಗಳನ್ನು ಇಡುವ ಜಾಲತಾಣ ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ಆ ಸಂಸ್ಥೆಯೇ ಬಹಿರಂಗವಾಗಿ ಬರೆದುಕೊಂಡಿದೆ. ಅಲ್ಲಿಯೂ ಮೀಸಲು ಸರ್ವರ್ ಹಿಂದೆ ಬಿದ್ದು, ಬೇಕಾದ ವಾಲ್ ಕಡತಗಳು ಅಳಿದುಹೋಗಿದ್ದವು. ಹೊಸದಾಗಿ ನಕಲು ಮಾಡಲು ಹೊರಟಾಗ ಪಿಜಿ_ಬೇಸ್‌ಬ್ಯಾಕಪ್ ಏನೂ ಹೇಳದೆ ಕಾಯುತ್ತಾ ಕುಳಿತಿತು. ಹಳೆಯ ಕಡತಗಳು ಅಡ್ಡ ಬರುತ್ತಿವೆ ಎಂದು ಭಾವಿಸಿ ಎಂಜಿನಿಯರ್ ಡೇಟಾ ಕೋಶವನ್ನು ಅಳಿಸಿದರು, ಆದರೆ ಅದು ಪ್ರಧಾನ ಸರ್ವರಿನ ಕೋಶವಾಗಿತ್ತು. ಬ್ಯಾಕಪ್ ತೆಗೆಯುವ ಪಿಜಿ_ಡಂಪ್‌ನ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ನಿತ್ಯದ ಬ್ಯಾಕಪ್‌ಗಳೂ ಬಹಳ ದಿನಗಳಿಂದ ವಿಫಲವಾಗಿದ್ದುದು ಆಗಲೇ ತಿಳಿದದ್ದು. ಸುಮಾರು ಆರು ಗಂಟೆಗಳ ಮಾಹಿತಿ ಕಳೆಯಿತು. ನೀವು ಮೂರು ಸಲ ಮಾಡಿರುವ ಕೆಲಸವೂ ಇದೇ ಆದ್ದರಿಂದ ಹೇಳುತ್ತಿದ್ದೇನೆ: ಆ ಆಜ್ಞೆ ಶುರುವಿನಲ್ಲಿ ಸುಮ್ಮನಿದ್ದರೆ ಬಹುಪಾಲು ಅದು ಚೆಕ್‌ಪಾಯಿಂಟ್‌ಗಾಗಿ ಕಾಯುತ್ತಿರುತ್ತದೆ. ಫಾಸ್ಟ್ ಚೆಕ್‌ಪಾಯಿಂಟ್ ಆಯ್ಕೆ ಕೊಡಿ, ಪ್ರಗತಿ ತೋರಿಸುವ ಆಯ್ಕೆಯನ್ನೂ ಕೊಡಿ, ಮತ್ತು ಎರಡೂ ಯಂತ್ರಗಳ ಟರ್ಮಿನಲ್‌ಗಳಿಗೆ ಬೇರೆ ಬೇರೆ ಬಣ್ಣ ಇಡಿ.

ನಿಮ್ಮ ಲೈನಿನಲ್ಲಿ 180 ಜಿಬಿ ಹೋಗಲು 20 ಗಂಟೆ ಬೇಕು. ಮುಂದಿನ ಸಲ ಮೊದಲು ಸ್ಲಾಟ್ ಮಾಡಿ, ಬೇಸ್‌ಬ್ಯಾಕಪ್ಪನ್ನು ದಾವಣಗೆರೆಯಲ್ಲೇ ಒಂದು ಗೂಢಲಿಪೀಕರಿಸಿದ ಹೊರಗಿನ ಡಿಸ್ಕಿಗೆ ತೆಗೆದು, ಡಿಸ್ಕನ್ನೇ ಗಾಡಿಯಲ್ಲಿ ಒಯ್ಯಿರಿ. ದಾರಿಯಲ್ಲಿ ಕಳೆದ ಹೊತ್ತಿನ ಲಾಗನ್ನು ಸ್ಲಾಟ್ ಕಾಯ್ದಿರುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ: ಎರಡೂ ಯಂತ್ರಗಳ ಕಾರ್ಯಾಚರಣಾ ವ್ಯವಸ್ಥೆಯ ಆವೃತ್ತಿ ಒಂದೇ ಇದೆಯೇ?

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಚೆಕ್‌ಪಾಯಿಂಟ್ ಎಚ್ಚರಿಕೆಗಳು ನೀವು ಹೇಳಿದಂತೆಯೇ ಸಾಲುಸಾಲಾಗಿ ಇದ್ದವು. ಹೊಂದಿಕೆಗಳನ್ನು ಬದಲಿಸಿದ ಮೇಲೆ ಮೊನ್ನೆಯ ತಿಂಗಳ ಕೊನೆಗೆ ಅದೇ ಕೆಲಸ 11 ಜಿಬಿ ಲಾಗ್ ಮಾತ್ರ ಹುಟ್ಟಿಸಿತು. ಕೆಲಸ ಮುಗಿದು ಸುಮಾರು 20 ನಿಮಿಷಗಳಲ್ಲಿ ಮೀಸಲು ಸರ್ವರ್ ಸಮನಾಯಿತು. ಸ್ಲಾಟ್‌ಗೆ 60 ಜಿಬಿ ಮಿತಿ ಹಾಕಿದ್ದೇನೆ. ವ್ಯವಸ್ಥೆಯ ಆವೃತ್ತಿ ಒಂದೇ ಇಲ್ಲ: ಪ್ರಧಾನ ಸರ್ವರ್ ಉಬುಂಟು 18.04, ಮೀಸಲು ಸರ್ವರ್ 22.04. ಸಿಂಕ್ರೊನಸ್ ಪ್ರಶ್ನೆ ಹಾಗೆಯೇ ಉಳಿದಿದೆ. ಪ್ರಧಾನ ಯಂತ್ರ ನಿಜಕ್ಕೂ ಕೆಟ್ಟ ದಿನ ಏನು ಮಾಡಬೇಕೆಂಬುದೂ ನನಗೆ ಸ್ಪಷ್ಟವಿಲ್ಲ.

ಉತ್ತರ 3

ಉಬುಂಟು ಆವೃತ್ತಿಯ ವಿಷಯವನ್ನು ಮೊದಲು ಸರಿಪಡಿಸಿ, ಏಕೆಂದರೆ ಇದರ ಹಾನಿ ಕಣ್ಣಿಗೆ ಬೀಳುವುದಿಲ್ಲ. ಅಕ್ಷರಗಳ ಅನುಕ್ರಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಜಿಲಿಬ್‌ಸಿ ಎಂಬ ವ್ಯವಸ್ಥಾ ಗ್ರಂಥಾಲಯದಿಂದ ಪಡೆಯುತ್ತದೆ, ಮತ್ತು ಅದರ 2.28ನೇ ಆವೃತ್ತಿಯಲ್ಲಿ ಅನುಕ್ರಮದ ನಿಯಮಗಳು ವ್ಯಾಪಕವಾಗಿ ಬದಲಾದವು. 18.04ರಲ್ಲಿರುವುದು 2.27, 22.04ರಲ್ಲಿರುವುದು 2.35. ಲಾಗ್ ಮೂಲಕ ಇಂಡೆಕ್ಸ್‌ನ (ಬೇಗ ಹುಡುಕಲು ಜೋಡಿಸಿಟ್ಟ ಪಟ್ಟಿಯ) ಪುಟಗಳು ಬೈಟ್‌ಗೆ ಬೈಟ್ ನಕಲಾಗುತ್ತವೆ, ಅಂದರೆ ಸದಸ್ಯರ ಹೆಸರಿನ ಇಂಡೆಕ್ಸ್ ಹಳೆಯ ಕ್ರಮದಲ್ಲಿ ಜೋಡಿಸಿದ ಹಾಗೆಯೇ ಇರುತ್ತದೆ. ಆದರೆ ಚಿತ್ರದುರ್ಗದ ಯಂತ್ರ ಅದರಲ್ಲಿ ಹೊಸ ಕ್ರಮದಂತೆ ಹುಡುಕುತ್ತದೆ. ಇರುವ ಸದಸ್ಯರೇ ಇಲ್ಲ ಎಂಬ ಉತ್ತರ ಬರಬಹುದು, ಬಡ್ತಿ ಕೊಟ್ಟ (ಅಂದರೆ ಅದನ್ನೇ ಪ್ರಧಾನ ಸರ್ವರ್ ಮಾಡಿದ) ಮೇಲಾದರೆ ಒಂದೇ ಆಗಿರಬೇಕಾದ ಮೌಲ್ಯ ಎರಡು ಸಲ ಸೇರಬಹುದು. ಮೀಸಲು ಸರ್ವರ್ ಓದಲು ಮಾತ್ರ ತೆರೆದಿರುವುದರಿಂದ ಅಲ್ಲಿ ರೀಇಂಡೆಕ್ಸ್ ಮಾಡಲೂ ಬರುವುದಿಲ್ಲ. ಎರಡೂ ಕಡೆ ಒಂದೇ ಆವೃತ್ತಿ ಇಡುವುದೇ ಸರಿಯಾದ ದಾರಿ. ಅಲ್ಲಿಯವರೆಗೆ, ಆ ಯಂತ್ರಕ್ಕೆ ಬಡ್ತಿ ಕೊಡಬೇಕಾಗಿ ಬಂದರೆ ಅಕ್ಷರ ಕಾಲಮ್‌ಗಳ ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟಿದ ಮೇಲೆಯೇ ಕೌಂಟರ್ ತೆರೆಯಿರಿ.

ಸಿಂಕ್ರೊನಸ್ ಬಗ್ಗೆ: ಒಂದೇ ಮೀಸಲು ಸರ್ವರ್, ಅದೂ ಒಂದೇ ಲೈನಿನ ಆಚೆಗೆ ಇರುವಾಗ ಬೇಡ. ಲೈನ್ ಕಡಿದ ಕ್ಷಣದಿಂದ ಪ್ರತಿ ಕಮಿಟ್ (ವಹಿವಾಟನ್ನು ಖಾಯಂ ಮಾಡುವ ಹೆಜ್ಜೆ) ಕೂಡ ಚಿತ್ರದುರ್ಗದ ಉತ್ತರಕ್ಕಾಗಿ ಕಾಯುತ್ತಾ ನಿಲ್ಲುತ್ತದೆ, ಅದಕ್ಕೆ ಕಾಲಮಿತಿಯೂ ಇಲ್ಲ. ವಹಿವಾಟು ಕಳೆಯಲೇಬಾರದು ಎಂದಿದ್ದರೆ ದಾವಣಗೆರೆಯ ಕಟ್ಟಡದಲ್ಲೇ ಎರಡನೆಯ ಮೀಸಲು ಸರ್ವರ್ ಇಟ್ಟು ಅದನ್ನು ಸಿಂಕ್ರೊನಸ್ ಮಾಡಿ, ದೂರದ್ದನ್ನು ಈಗಿನಂತೆಯೇ ಬಿಡಿ. ನೀವು ಹೆಚ್ಚು ಹಿಂದೆ ಬೀಳುವುದು ಬಡ್ಡಿ ಲೆಕ್ಕದ ರಾತ್ರಿ ಮಾತ್ರ, ಮತ್ತು ಆ ಲೆಕ್ಕವನ್ನು ಮತ್ತೊಮ್ಮೆ ಓಡಿಸಬಹುದು. ಹಗಲಿನ ಕೌಂಟರ್ ವಹಿವಾಟನ್ನು ಮತ್ತೆ ಹುಟ್ಟಿಸಲಾಗದು, ಆದರೆ ಆಗ ನಿಮ್ಮ ಲೈನ್ ಆರಾಮವಾಗಿ ಸಾಕಾಗುತ್ತದೆ. ಹಿಂದೆ ಬಿದ್ದದ್ದನ್ನು ಬೈಟ್‌ಗಳಲ್ಲಿ ಅಳೆಯಿರಿ. ಕೊನೆಯ ವಹಿವಾಟಿನ ಸಮಯದಿಂದ ಅಳೆದರೆ, ಯಾರೂ ಏನೂ ಬರೆಯದ ರಾತ್ರಿಯಲ್ಲಿ ಎಲ್ಲವೂ ಸಮನಾಗಿದ್ದರೂ ಗಂಟೆಗಟ್ಟಲೆ ವಿಳಂಬ ಎಂದು ತೋರಿಸುತ್ತದೆ.

ಯಂತ್ರ ಕೆಟ್ಟ ದಿನ ಮೊದಲ ಕೆಲಸ ಬಡ್ತಿ ಕೊಡುವುದಲ್ಲ, ಹಳೆಯ ಪ್ರಧಾನ ಸರ್ವರ್ ತಾನಾಗಿ ಏಳದಂತೆ ಮಾಡುವುದು. ವಿದ್ಯುತ್ ಬಂದ ಕೂಡಲೇ ಅದು ಎದ್ದು, ಅರ್ಧ ಶಾಖೆಗಳು ಅದಕ್ಕೂ ಇನ್ನರ್ಧ ಹೊಸದಕ್ಕೂ ಬರೆಯತೊಡಗಿದರೆ, ಎರಡು ಕಿರ್ದಿಗಳನ್ನು ಒಂದಾಗಿಸುವ ಯಾವ ಆಜ್ಞೆಯೂ ಇಲ್ಲ. ಸ್ವಿಚ್ಚಿನಲ್ಲಿ ಅದರ ಕೇಬಲ್ ಕಿತ್ತಿಡುವುದು ಸಾಕು, ಆದರೆ ಅದನ್ನು ಕೀಳುವವರು ಯಾರು ಎಂಬುದು ಮೊದಲೇ ಬರೆದಿರಬೇಕು. ಆಮೇಲೆ ಚಿತ್ರದುರ್ಗದಲ್ಲಿ ಪಿಜಿ_ಪ್ರೊಮೋಟ್ ಕರೆಯಿರಿ. ಅದು ಹೊಸ ಟೈಮ್‌ಲೈನ್ (ಲಾಗಿನ ಹೊಸ ಕವಲು) ಶುರು ಮಾಡುತ್ತದೆ. ಹಳೆಯ ಯಂತ್ರವನ್ನು ಪಿಜಿ_ರಿವೈಂಡ್ ಮೂಲಕ ಮೀಸಲು ಸರ್ವರಾಗಿ ಹಿಂದಕ್ಕೆ ತರಬಹುದು, 20 ಗಂಟೆಯ ನಕಲು ಬೇಕಾಗುವುದಿಲ್ಲ. ಆದರೆ ಅದಕ್ಕೆ ಡೇಟಾ ಚೆಕ್‌ಸಮ್ (ಪ್ರತಿ ಪುಟ ಸರಿಯಿದೆಯೇ ಎಂದು ತಾಳೆ ನೋಡುವ ಮೊತ್ತ) ಇರಬೇಕು, ಇಲ್ಲವೇ ವಾಲ್_ಲಾಗ್_ಹಿಂಟ್ಸ್ ಎಂಬ ಹೊಂದಿಕೆ ಆನ್ ಆಗಿರಬೇಕು. 15ರಲ್ಲಿ ಎರಡೂ ಮೂಲತಃ ಆಫ್ ಆಗಿರುತ್ತವೆ, ಮತ್ತು ವಾಲ್_ಲಾಗ್_ಹಿಂಟ್ಸ್ ಬದಲಿಸಲು ಸರ್ವರನ್ನು ಒಮ್ಮೆ ನಿಲ್ಲಿಸಿ ಶುರು ಮಾಡಬೇಕು. ಬರುವ ಭಾನುವಾರ ಅದನ್ನು ಮಾಡಿ. ಆವೃತ್ತಿ ಸರಿಪಡಿಸಿದ ನಂತರ ಇನ್ನೊಂದು ಭಾನುವಾರ ಕೇಬಲ್ ಕಿತ್ತು ಈ ಇಡೀ ಕ್ರಮವನ್ನು ಒಮ್ಮೆ ನಡೆಸಿ, ಪ್ರತಿ ಹೆಜ್ಜೆಗೆ ಎಷ್ಟು ನಿಮಿಷ ಹಿಡಿಯಿತೆಂದು ಬರೆದು, ಆ ಹಾಳೆಯನ್ನು ಎರಡೂ ಊರಿನ ಸರ್ವರ್ ಕೋಣೆಗಳಲ್ಲಿ ಅಂಟಿಸಿಡಿ.