ಕವಳ ಬಿಡದ ಅಪ್ಪಯ್ಯನಿಗೆ ಪೆಟ್ ಸ್ಕ್ಯಾನ್: ತಯಾರಿ ಹೇಗೆ?

ಪ್ರಶ್ನೆ, ಕುಮಟಾದಿಂದ: ಅಪ್ಪಯ್ಯನಿಗೆ 64. ಕುತ್ತಿಗೆಯ ಎಡಭಾಗದ ಗಡ್ಡೆಯ ಬಯಾಪ್ಸಿಯಲ್ಲಿ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಅಂತ ಬಂದಿದೆ. ಮುಂದಿನ ವಾರ ಬೆಳಿಗ್ಗೆ ಮಣಿಪಾಲದಲ್ಲಿ ಪೆಟ್-ಸಿಟಿ. ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ತಾರೆ. ಕವಳ (ಎಲೆ-ಅಡಿಕೆ) ಇಲ್ಲದೆ ಅರ್ಧ ತಾಸು ಕೂರುವವರಲ್ಲ. ಸಿಟಿ ಆಗಲೇ ಆಗಿದೆ, ಮತ್ತೆ ಇದ್ಯಾಕೆ? ಹೊರಡುವ ಮೊದಲು ಏನು ನೋಡಿಕೊಳ್ಳಬೇಕು?

ಶಿರಸಿ, ಸ್ಕ್ಯಾನ್ ವಿಭಾಗದ ಟೆಕ್ನಿಷಿಯನ್: ಅಕ್ಕಾ, ಸಿಟಿ ಗಡ್ಡೆಯ ಅಳತೆ ಹೇಳುತ್ತೆ, ಪೆಟ್ ಅದರ ಹಸಿವು ಹೇಳುತ್ತೆ. ಚುಚ್ಚುವ ಎಫ್‌ಡಿಜಿ ಅಂದರೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಸಕ್ಕರೆ. ಸಕ್ಕರೆ ಜಾಸ್ತಿ ಎಳೆಯುವ ಜಾಗ ಚಿತ್ರದಲ್ಲಿ ಹೊಳೆಯುತ್ತೆ. ಅಳತೆಯಲ್ಲಿ ಸಾಮಾನ್ಯ ಅನ್ನಿಸುವ ದುಗ್ಧಗ್ರಂಥಿಯ ಗಂಟಿನಲ್ಲೂ ರೋಗ ಇದ್ದರೆ ಸಿಕ್ಕಿಬೀಳುತ್ತೆ. ಹಾಡ್ಜ್‌ಕಿನ್‌ನಲ್ಲಿ ಇದು ಸರಿಯಾಗಿ ಆದರೆ ಅಸ್ಥಿಮಜ್ಜೆಯ ಬಯಾಪ್ಸಿಯೂ ಸಾಮಾನ್ಯವಾಗಿ ತಪ್ಪುತ್ತೆ.

ಈಗ ಕವಳ. ಇಂಜೆಕ್ಷನ್ ಆದಮೇಲೆ ಸುಮಾರು 60 ನಿಮಿಷ ಸುಮ್ಮನೆ ಮಲಗಬೇಕು, ಮಾತೂ ಬೇಡ. ಆ ಹೊತ್ತಲ್ಲಿ ಜಗಿದರೆ ದವಡೆಯ ಸ್ನಾಯು ಸಕ್ಕರೆ ಎಳೆದು ಹೊಳೆಯುತ್ತೆ, ಅದೂ ಗಡ್ಡೆ ಇರುವ ಕುತ್ತಿಗೆಯ ಪಕ್ಕದಲ್ಲೇ. ಸ್ಕ್ಯಾನ್ ಓದುವ ಡಾಕ್ಟರಿಗೆ ತಲೆನೋವು. ಎದ್ದಾಗಿನಿಂದ ಸ್ಕ್ಯಾನ್ ಮುಗಿಯುವವರೆಗೆ ಸಂಚಿ ನಿಮ್ಮ ಹತ್ತಿರ ಇರಲಿ, ಅವರ ಕೈಗೆ ಬೇಡ.

ಚಳಿಯೂ ಹಾಗೇ. ನಡುಗಿದರೆ ಕುತ್ತಿಗೆ, ಕಾಲರ್ ಎಲುಬಿನ ಬಳಿಯ, ಮೈ ಬೆಚ್ಚಗಿಡುವ ಕಂದು ಕೊಬ್ಬು ಹೊತ್ತಿಕೊಂಡು ಗಂಟಿನ ಹಾಗೆ ಕಾಣುತ್ತೆ. ಕಾರಿನ ಏಸಿ ಬಂದ್ ಮಾಡಿ, ಶಾಲು ಹೊದಿಸಿ. ಹಿಂದಿನ ದಿನ ತೋಟದ ಕೆಲಸ, ಭಾರ ಹೊರುವುದು ಬೇಡವೇ ಬೇಡ.

ಹೊನ್ನಾವರ, ನರ್ಸ್: ಕನಿಷ್ಠ 6 ತಾಸು ಉಪವಾಸ, ಬರೀ ನೀರು. ಹಿಂದಿನ ರಾತ್ರಿ ಅನ್ನ, ಗಂಜಿ, ಬೆಲ್ಲ, ಬಾಳೆಹಣ್ಣು ಕಡಿಮೆ. ಪಲ್ಯ, ಮೊಟ್ಟೆ, ಮೀನು ಅಡ್ಡಿಯಿಲ್ಲ. ದಾರಿಯಲ್ಲಿ ಕೋಕಂ ಶರಬತ್ತು ಕುಡಿಸಿಬಿಡಬೇಡಿ, ಅದರಲ್ಲಿ ಸಕ್ಕರೆ ಇರುತ್ತೆ.

ರಕ್ತದ ಸಕ್ಕರೆ 200 ಮಿ.ಗ್ರಾಂ ದಾಟಿದರೆ ಸಾಮಾನ್ಯವಾಗಿ ವಾಪಸ್ ಕಳಿಸ್ತಾರೆ. ಹಾಗಂತ ಹೊರಡುವಾಗ ಅವಸರದ ಇನ್ಸುಲಿನ್ ಹಾಕಬೇಡಿ. ಎಫ್‌ಡಿಜಿ ಪೂರಾ ಸ್ನಾಯುಗಳಿಗೆ ಹೋಗಿ ಚಿತ್ರ ಹಾಳು. ಚುರುಕಾಗಿ ಕೆಲಸ ಮಾಡುವ ಇನ್ಸುಲಿನ್ ಆದರೆ 4 ತಾಸಿನ ಅಂತರ ಬೇಕು. ಮೆಟ್‌ಫಾರ್ಮಿನ್‌ನಿಂದ ಕರುಳು ಹೊಳೆಯುತ್ತೆ, ಎಷ್ಟೋ ಕಡೆ 48 ತಾಸು ಮೊದಲೇ ನಿಲ್ಲಿಸಲು ಹೇಳ್ತಾರೆ. ನೀವಾಗಿ ಬಿಡಿಸಬೇಡಿ, ಡಾಕ್ಟರನ್ನು ಕೇಳಿ. ಕಾಂಟ್ರಾಸ್ಟ್ (ಸಿಟಿ ಚಿತ್ರ ಸ್ಪಷ್ಟವಾಗಲು ಚುಚ್ಚುವ ಔಷಧ) ಹಾಕುವುದಿದ್ದರೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಿಪೋರ್ಟೂ ಬೇಕು.

ಎಫ್‌ಡಿಜಿ ಇಂಜೆಕ್ಷನ್ ಬಲಗೈಗೆ ಹಾಕಲು ಹೇಳಿ. ಔಷಧ ಸೋರಿದರೆ ಅದೇ ಬದಿಯ ಕಂಕುಳ ಗಂಟು ಸುಳ್ಳೇ ಹೊಳೆಯುತ್ತೆ. ಗಡ್ಡೆಯ ಬದಿಯಲ್ಲೇ ಆದರೆ ಗೊಂದಲ.

ಶಿರಸಿ ಟೆಕ್ನಿಷಿಯನ್, ಮತ್ತೆ: ತಡವಾಗಿ ಹೋಗಬೇಡಿ. ಎಫ್‌ಡಿಜಿಯ ವಿಕಿರಣ 110 ನಿಮಿಷಕ್ಕೆ ಅರ್ಧ ಆಗುತ್ತೆ, ನಾಳೆಗೆ ಎತ್ತಿಡುವ ಮಾಲಲ್ಲ. ಹಿಂದಿನ ದಿನವೇ ಹೋಗಿ ಉಳಿಯುವುದು ಲೇಸು.

ಕಾರವಾರ, ರೇಡಿಯಾಲಜಿ ವೈದ್ಯರು: ಕೀಮೋ ನಂತರದ ಪೆಟ್ ರಿಪೋರ್ಟಿನಲ್ಲಿ ಡೋವಿಲ್ ಅಂಕ ಇರುತ್ತೆ, 1ರಿಂದ 5; ಚಿಕಿತ್ಸೆಗೆ ರೋಗ ಎಷ್ಟು ಬಗ್ಗಿದೆ ಅನ್ನುವ ಅಳತೆ ಅದು. ರೋಗದ ಜಾಗ ಲಿವರ್‌ಗಿಂತ ಜಾಸ್ತಿ ಹೊಳೆದರೆ 4 ಅಥವಾ 5; 3ರವರೆಗೆ ಸಾಮಾನ್ಯವಾಗಿ ಸಮಾಧಾನ. ಹೋಲಿಕೆಗೆ ಈ ಮೊದಲ ಸ್ಕ್ಯಾನೇ ಬುಡ. ಮುಂದಿನ ಸ್ಕ್ಯಾನನ್ನೂ ಆದಷ್ಟೂ ಅದೇ ಯಂತ್ರದಲ್ಲಿ ಮಾಡಿಸಿ, ಕಾಯುವ ಹೊತ್ತೂ ಅಷ್ಟೇ ಇರಲಿ. ಫಿಲ್ಮ್ ನಂಬಬೇಡಿ, ಡೈಕಾಮ್ (ಸ್ಕ್ಯಾನಿನ ಮೂಲ ಡಿಜಿಟಲ್) ಚಿತ್ರಗಳಿರುವ ಸಿಡಿ ಕೇಳಿ ಪಡೆಯಿರಿ. ಹಳೇ ಸಿಟಿಯ ಸಿಡಿಯನ್ನೂ ಒಯ್ಯಿರಿ. ಹಲ್ಲಿನ ಸೋಂಕು ಇದ್ದರೆ ಮೊದಲೇ ಹೇಳಿ, ಅದೂ ಹೊಳೆಯುತ್ತೆ. ಮುಗಿದಮೇಲೆ ಚೆನ್ನಾಗಿ ನೀರು ಕುಡಿಸಿ, ಮೊಮ್ಮಕ್ಕಳನ್ನು ಆ ದಿನ ತೊಡೆ ಮೇಲೆ ಕೂರಿಸುವುದು ಬೇಡ.