ವೋಲ್ಟೇಜ್ ಇಳಿದ್ರೆ ಆಂಪ್ಸ್ ಏರಬೇಕಲ್ವಾ? ನನ್ನ ಕಾಯಿಲ್ ಉಲ್ಟಾ ಹೊಡೀತಿದೆ

ಕಬ್ಬಿನಗದ್ದೆ, ಪಾಂಡವಪುರ:
ಬಕೆಟ್‌ಗೆ ಇಳಿಬಿಡೋ ನೀರು ಕಾಯಿಸೋ ಕಾಯಿಲ್ ತಂದಿದ್ದೀನಿ. ಮೇಲೆ 1500 ವ್ಯಾಟ್, 230 ವೋಲ್ಟ್ ಅಂತಿದೆ. ಬೆಳಿಗ್ಗೆ ತ್ರೀ ಫೇಸ್ ಬಂದ ಕೂಡ್ಲೇ ಸುತ್ತಲಿನ ಗದ್ದೆ ಮೋಟಾರೆಲ್ಲ ಒಟ್ಟಿಗೆ ಏಳ್ತವೆ, ನಮ್ಮ ಮನೆಗೂ ಅದೇ ಟಿಸಿ (ಟ್ರಾನ್ಸ್‌ಫಾರ್ಮರ್). ನೀರು ಕಾಯೋದ್ರೊಳಗೆ ಕಾಲೇಜ್ ಬಸ್ಸು ಹೋಗಿರುತ್ತೆ.

ಮಾವನ ಕ್ಲಾಂಪ್ ಮೀಟರ್ (ವೈರ್ ಸುತ್ತ ಹಿಡಿದ್ರೆ ಆಂಪ್ಸ್ ತೋರಿಸೋದು) ಇಸ್ಕೊಂಡು ಬಂದೆ. ಮೊದಲು ಸೊನ್ನೆ ತೋರಿಸ್ತು, ಕೆಟ್ಟೋಗಿದೆ ಅಂದ್ಕೊಂಡೆ. ನೋಡಿದ್ರೆ ನಾನೇ ಎರಡೂ ವೈರ್ ಸೇರಿಸಿ ಹಿಡಿದಿದ್ದೆ, ಹೋಗೋ ಕರೆಂಟೂ ಬರೋ ಕರೆಂಟೂ ಒಂದಕ್ಕೊಂದು ವಜಾ ಆಗಿತ್ತು. ಜಂಕ್ಷನ್ ಬಾಕ್ಸ್‌ನ ಫೇಸ್ ವೈರ್ ಒಂದನ್ನೇ ಹಿಡಿದ್ರೆ 5 ಆಂಪ್ಸ್. ಕಾಯಿಲ್ ಓಡ್ತಿದ್ದಾಗ ವೋಲ್ಟೇಜ್ 176. ಪಿಯುಸಿಲಿ ಓದಿದ್ದು ವ್ಯಾಟ್ ಅಂದ್ರೆ ವೋಲ್ಟ್ × ಆಂಪ್ಸ್. 1500 ಭಾಗಿಸು 176, ಅಂದ್ರೆ 8.5 ಆಂಪ್ಸ್ ಬರಬೇಕಿತ್ತು. ಗದ್ದೆ ಮೋಟಾರೂ ಹಂಗೇ ತಾನೆ, ವೋಲ್ಟೇಜ್ ಬಿದ್ರೆ ಆಂಪ್ಸ್ ಎಳೆದೂ ಎಳೆದೂ ಸುಟ್ಟೋಗೋದು? ನನ್ನ ಕಾಯಿಲ್ ಡೂಪ್ಲಿಕೇಟಾ?

ವೈಂಡಿಂಗ್ ಅಂಗಡಿ, ಮಂಡ್ಯ:
ಡೂಪ್ಲಿಕೇಟ್ ಅಲ್ಲ ಕಣಪ್ಪ. 1500 ಅನ್ನೋದು 230 ಸಿಕ್ಕಾಗಿನ ಮಾತು. ಕಾಯಿಲ್‌ದು ಅಂತ ಇರೋದು ಓಮ್ಸ್, ಅಂದ್ರೆ ಕರೆಂಟಿಗೆ ಅದು ಒಡ್ಡೋ ತಡೆ. 230ನ್ನ 230ರಿಂದ ಗುಣಿಸಿ 1500ರಿಂದ ಭಾಗಿಸು, 35.3. ನೀನು ಅಳೆದದ್ದು 176 ಭಾಗಿಸು 5, 35.2. ಇನ್ನೇನು ಬೇಕು?

ಆ ಹೊತ್ತಲ್ಲಿ ನಿಂಗೆ ಸಿಗ್ತಿರೋದು 176 × 5, 880 ವ್ಯಾಟ್. ವೋಲ್ಟೇಜ್ ಕಾಲುಭಾಗದಷ್ಟು ಇಳೀತು, ಅದರ ಹಿಂದೇನೇ ಆಂಪ್ಸೂ ಅಷ್ಟೇ ಇಳೀತು, ಪವರ್ ಹತ್ತಿರತ್ತಿರ 40 ಪರ್ಸೆಂಟ್ ಹೋಯ್ತು. 15 ಲೀಟರ್ ನೀರು 20 ಡಿಗ್ರಿ ಏರೋಕೆ 14 ನಿಮಿಷ ಸಾಕಾಗೋ ಕಡೆ 24 ನಿಮಿಷ. ನಿನ್ನ ಬಸ್ಸು ಹೋಗಿದ್ದು ಆ ಹತ್ತು ನಿಮಿಷದಲ್ಲಿ.

ಮೋಟಾರ್ ಕಥೆ ಬೇರೆ. ನೀರೆತ್ತೋ ಹೊರೆ ತಲೆ ಮೇಲಿರುತ್ತೆ, ವೋಲ್ಟೇಜ್ ಇಳಿದ್ರೂ ಸ್ಪೀಡ್ ಅಷ್ಟಾಗಿ ಬಿಡಲ್ಲ, ಆಂಪ್ಸ್ ಜಾಸ್ತಿ ಎಳ್ಕೊಂಡು ಎಳ್ಕೊಂಡು ಬಿಸಿಯಾಗುತ್ತೆ. ಬೇಸಿಗೆಲಿ ನನ್ನ ಅಂಗಡಿ ಮುಂದೆ ಸಾಲಾಗಿ ಬಿದ್ದಿರೋವು ಅವೇ.

ಐಟಿಐ ಮೇಷ್ಟ್ರು, ಮೈಸೂರು:
ಅಂಗಡಿಯವರು ಹೇಳಿದ್ದು ಸರಿ. ನಿಮ್ಮ ಸೂತ್ರವೂ ಸರಿಯೇ, 1500ನ್ನ ಅಲ್ಲಾಡದ ಸಂಖ್ಯೆ ಅಂತ ಹಿಡಿದದ್ದು ಎಡವಟ್ಟು. ಇಷ್ಟೇ ಪವರ್ ಸಾಗಿಸಬೇಕು ಅನ್ನೋ ಕಡೆ ನಿಮ್ಮ ಲೆಕ್ಕ ನಡೆಯುತ್ತೆ. 1902ರಲ್ಲಿ ನಿಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ್ದು ವೋಲ್ಟೇಜ್ ಏರಿಸಿ, ಆಂಪ್ಸ್ ಇಳಿಸಿ. ಅಷ್ಟು ದೂರದ ತಂತಿ ಕಾದು ಪವರ್ ಹಾಳಾಗಬಾರದಲ್ಲ.

ಅದಿರಲಿ, ಕಾಯಿಲ್ ಆಫ್ ಇದ್ದಾಗ ಎಷ್ಟಿತ್ತು ವೋಲ್ಟೇಜ್?

ಕಬ್ಬಿನಗದ್ದೆ, ಪಾಂಡವಪುರ:
182 ಸಾರ್.

ಐಟಿಐ ಮೇಷ್ಟ್ರು, ಮೈಸೂರು:
ಅಂದ್ರೆ ಕಾಯಿಲ್ ಹಾಕಿದ ಕೂಡ್ಲೇ 6 ವೋಲ್ಟ್ ದಾರೀಲೇ ಉಳೀತು. 6 ಭಾಗಿಸು 5, 1.2 ಓಮ್ಸ್. ತಂತಿ, ಜಾಯಿಂಟು, ಪ್ಲಗ್ಗು ಎಲ್ಲ ಸೇರಿ ಅಷ್ಟು. 6 × 5, 30 ವ್ಯಾಟ್ ಅಲ್ಲೇ ಬಿಸಿಯಾಗಿ ಹೋಗುತ್ತೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಮುಟ್ಟಿ ನೋಡಿ. 6 ಆಂಪ್ಸ್ ಸಾಕೆಟ್ಟಾಗಿದ್ರೆ ಬದಲಾಯಿಸಿ, 16ರದ್ದು ಹಾಕಿಸಿ. ಪೂರ್ತಿ 230 ಬಂದ ದಿನ ಈ ಕಾಯಿಲ್ 6.5 ಎಳೆಯುತ್ತೆ.

ಕಬ್ಬಿನಗದ್ದೆ, ಪಾಂಡವಪುರ:
ರಾತ್ರಿ ಹತ್ತೂವರೆಗೆ, ಮೋಟಾರೆಲ್ಲ ನಿಂತ್ಮೇಲೆ ಅಳೆದೆ. 226 ವೋಲ್ಟ್, 6.4 ಆಂಪ್ಸ್. ಭಾಗಿಸಿದ್ರೆ 35.3! ಪ್ಲಗ್ ಬಿಸಿ ಇತ್ತು ಸಾರ್, ಒಂದು ಪಿನ್ ಕಪ್ಪಗಾಗಿದೆ. ನಾಳೆ ಸಾಕೆಟ್ ತರ್ತೀನಿ. ಅಮ್ಮ ಮಾತ್ರ, ಹಂಡೆ ಒಲೆಗೆ ಎರಡು ಹಿಡಿ ಕಬ್ಬಿನ ತರಗು ಹಾಕಿದ್ರೆ ಮುಗೀತು, ಮೊದಲು ಮಾವನ ಮೀಟರ್ ಕೊಟ್ಟು ಬಾ ಅಂತವ್ರೆ.