ಫೈರ್‌ಫಾಕ್ಸ್ ದಿನಕ್ಕೆ ಐದು ಸಲ ಮುಚ್ಚಿಕೊಳ್ಳುತ್ತದೆ, ಫಾರ್ಮ್ಯಾಟ್ ಮಾಡಿಸಲೇಬೇಕಾ?

ಪ್ರಶ್ನೆ (ಹುಲೇಕಲ್ ಕಡೆಯ ಸದಸ್ಯರು): ನಮಸ್ಕಾರ. ಮನೆಯಲ್ಲಿ ಆರು ವರ್ಷ ಹಳೆಯ ಡೆಸ್ಕ್‌ಟಾಪ್ ಇದೆ. ವಿಂಡೋಸ್ 10, 8 ಜಿಬಿ ರ‍್ಯಾಮ್. ಪಹಣಿ ತೆಗೆಯೋದು, ಅಡಿಕೆ ಧಾರಣೆ ನೋಡೋದು, ಮಗಳ ಓದು, ಎಲ್ಲ ಅದರಲ್ಲೇ. ಮಳೆ ಜೋರಾದಾಗಿನಿಂದ ಫೈರ್‌ಫಾಕ್ಸ್ ದಿನಕ್ಕೆ ನಾಲ್ಕೈದು ಸಲ ತಾನಾಗಿ ಮುಚ್ಚಿಹೋಗುತ್ತದೆ. ಅರ್ಧ ತುಂಬಿದ ಅರ್ಜಿ ಎಲ್ಲ ನೀರುಪಾಲು. ಮೂರು ಸಲ ತೆಗೆದು ಹೊಸದಾಗಿ ಹಾಕಿದೆ, ಏನೂ ಬದಲಾಗಲಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದರೆ ಸೀದಾ ಫಾರ್ಮ್ಯಾಟ್ ಅಂದರು. ಬೇರೆ ದಾರಿ ಇಲ್ವಾ?

ಉತ್ತರ (ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು): ಫಾರ್ಮ್ಯಾಟ್ ಸದ್ಯಕ್ಕೆ ಬೇಡ. ಮೂರು ಸಲ ತೆಗೆದು ಹಾಕಿದರೂ ಸರಿಯಾಗದ್ದಕ್ಕೆ ಒಂದು ಕಾರಣ ಹೇಳ್ತೇನೆ. ಫೈರ್‌ಫಾಕ್ಸ್ ತೆಗೆದಾಗ ಪ್ರೋಗ್ರಾಂ ಮಾತ್ರ ಹೋಗುತ್ತದೆ. ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಆ್ಯಡ್‌ಆನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ), ಸೆಟ್ಟಿಂಗು ಇರುವ ಪ್ರೊಫೈಲ್ ಫೋಲ್ಡರ್ ಸುಮ್ನೆ ಅಲ್ಲೇ ಉಳಿಯುತ್ತದೆ. ಹೊಸದಾಗಿ ಹಾಕಿದ್ದು ಮತ್ತೆ ಅದನ್ನೇ ಹಿಡಿದುಕೊಳ್ಳುತ್ತದೆ. ತೊಂದರೆ ಪ್ರೊಫೈಲಿನಲ್ಲಿದ್ದರೆ ನೂರು ಸಲ ಹಾಕಿದರೂ ಅಷ್ಟೇ.

ಮೊದಲು ಮೂರು ವಿಷಯ ನೋಡಿ ಹೇಳಿ. ಒಂದು, ಬೀಳೋದು ಒಂದು ಟ್ಯಾಬ್ ಮಾತ್ರವಾ, ಇಡೀ ಫೈರ್‌ಫಾಕ್ಸಾ? ಎರಡು, ಶಿಫ್ಟ್ ಕೀ ಒತ್ತಿಹಿಡಿದು ಫೈರ್‌ಫಾಕ್ಸ್ ತೆರೆಯಿರಿ. ಟ್ರಬಲ್‌ಶೂಟ್ ಮೋಡ್ ಕೇಳುತ್ತದೆ, ಹೂಂ ಅನ್ನಿ. ಅದರಲ್ಲಿ ಆ್ಯಡ್‌ಆನ್ ಇರಲ್ಲ, ಹಾರ್ಡ್‌ವೇರ್ ಆಕ್ಸಲರೇಷನ್ (ಚಿತ್ರ, ವಿಡಿಯೋ ತೋರಿಸುವ ಕೆಲಸ ಗ್ರಾಫಿಕ್ಸ್ ಚಿಪ್ಪಿಗೆ ವಹಿಸೋದು) ಕೂಡ ಬಂದ್ ಆಗಿರುತ್ತದೆ. ಆಗ ಬೀಳದಿದ್ದರೆ ಕಳ್ಳ ಆ ಎರಡರಲ್ಲೇ ಇದ್ದಾನೆ. ಮೂರನೆಯದು ಮುಖ್ಯ: ಒಂದೇ ಕೆಲಸ ಮಾಡುವಾಗ ಬೀಳುತ್ತಾ, ಅಥವಾ ಹೊತ್ತು ಗೊತ್ತು ಇಲ್ಲದೆ ಎಲ್ಲೆಂದರಲ್ಲಿ ಬೀಳುತ್ತಾ?

ಪ್ರಶ್ನೆ ಕೇಳಿದವರು: ಇಡೀ ಫೈರ್‌ಫಾಕ್ಸೇ ಹೋಗುತ್ತದೆ. ಟ್ರಬಲ್‌ಶೂಟ್ ಮೋಡಿನಲ್ಲೂ ಮಧ್ಯಾಹ್ನ ಎರಡು ಸಲ ಬಿತ್ತು. ಹೊತ್ತು ಗೊತ್ತು ಇಲ್ಲ. ಒಮ್ಮೆ ವಿಡಿಯೋ ನೋಡುವಾಗ, ಒಮ್ಮೆ ಸುಮ್ನೆ ತೆರೆದಿಟ್ಟು ಚಹಾ ಕುಡಿಯಲು ಹೋದಾಗ. ಕ್ರೋಮ್ ಹಾಕಿ ನೋಡಿದೆ, ಅದೂ ಬಿತ್ತು. ಇನ್ನೊಂದು ಮಾತು, ಮುಖ್ಯವೋ ಅಲ್ಲವೋ ಗೊತ್ತಿಲ್ಲ. ಹೋದ ವಾರ ಒಂದು ಸಲ ನೀಲಿ ಪರದೆ ಬಂದು ಕಂಪ್ಯೂಟರ್ ತಾನೇ ಆಫ್ ಆಗಿ ಆನ್ ಆಯಿತು. ಕರೆಂಟ್ ಆಟ ಅಂತ ಬಿಟ್ಟೆ.

ಉತ್ತರ: ಅದನ್ನೇ ಮೊದಲು ಹೇಳಬೇಕಿತ್ತು ಮಾರಾಯ್ರೆ! ಎರಡು ಬೇರೆ ಬೇರೆ ಬ್ರೌಸರ್, ಬೇರೆ ಬೇರೆ ಹೊತ್ತು, ಮೇಲೆ ನೀಲಿ ಪರದೆ. ಪ್ರೊಫೈಲ್ ಕೆಟ್ಟರೆ ಫೈರ್‌ಫಾಕ್ಸ್ ಬೀಳಬಹುದು, ಕ್ರೋಮ್ ಯಾಕೆ ಬೀಳಬೇಕು? ನನ್ನ ಅನುಮಾನ ಕಂಪ್ಯೂಟರಿನ ತಾತ್ಕಾಲಿಕ ನೆನಪು, ಅಂದರೆ ರ‍್ಯಾಮ್ ಮೇಲೆ.

"ಹಾಗಾದರೆ ಬೇರೆ ಪ್ರೋಗ್ರಾಂ ಎಲ್ಲ ಚೆನ್ನಾಗಿ ನಡೀತಾ ಇದೆಯಲ್ಲ" ಅಂತ ಎಲ್ಲರೂ ಕೇಳುತ್ತಾರೆ. ಅಟ್ಟದ ಒಂದು ಹಲಗೆ ಕುಂಬಾಗಿದೆ ಅಂದುಕೊಳ್ಳಿ. ಮೂಲೆಯಲ್ಲಿ ಕೂತವನಿಗೆ ಏನೂ ಆಗಲ್ಲ. ಅಟ್ಟದ ತುಂಬ ಓಡಾಡುವವನ ಕಾಲು ಇವತ್ತಲ್ಲ ನಾಳೆ ಅದರ ಮೇಲೆ ಬೀಳುತ್ತದೆ. ನಿಮ್ಮ ಮನೆಯಲ್ಲಿ ರ‍್ಯಾಮ್ ತುಂಬ ಓಡಾಡುವವನು ಬ್ರೌಸರೇ. ಹತ್ತು ಟ್ಯಾಬ್ ತೆರೆದರೆ ಎರಡು ಮೂರು ಜಿಬಿ ಆರಾಮಾಗಿ ತಿನ್ನುತ್ತದೆ. ನೋಟ್‌ಪ್ಯಾಡಿಗೆ ಬೇಕಾಗೋದು ಒಂದು ಮೂಲೆ ಮಾತ್ರ.

ರಾತ್ರಿ ಊಟ ಆದ ಮೇಲೆ ಇದನ್ನು ಮಾಡಿ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎಂಡಿಎಸ್‌ಸಿಎಚ್‌ಇಡಿ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ರೀಸ್ಟಾರ್ಟ್ ನೌ ಅನ್ನುವುದನ್ನು ಆರಿಸಿದರೆ, ರೀಸ್ಟಾರ್ಟ್ ಆಗಿ ನೀಲಿ ಪರದೆಯ ಮೇಲೆ ರ‍್ಯಾಮ್ ಪರೀಕ್ಷೆ ಶುರುವಾಗುತ್ತದೆ. ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸಿ, ಎಫ್10 ಒತ್ತಿ ಶುರು ಮಾಡಿ, ಮಲಗಿಬಿಡಿ. ಅದು ಗಂಟೆಗಟ್ಟಲೆ ನಡೆಯುತ್ತದೆ. ಯುಪಿಎಸ್ ಇರಲಿ, ನಮ್ಮ ಕಡೆಯ ಕರೆಂಟ್ ನಂಬಬೇಡಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ? ಫಾರ್ಮ್ಯಾಟ್ ಅಂದರೆ ಒಂದು ಗಂಟೆ ಕೆಲಸ, ಮುಗೀತು.

ಉತ್ತರ: ಪ್ರೋಗ್ರಾಂ ಕೆಟ್ಟಿದ್ದರೆ ಮುಗೀತು, ಒಪ್ಪುತ್ತೇನೆ. ಆದರೆ ರ‍್ಯಾಮ್ ಕೆಟ್ಟಿರುವಾಗ ವಿಂಡೋಸ್ ಹಾಕಿದರೆ ಹಾಕುವ ಹೊತ್ತಿನಲ್ಲೇ ಫೈಲುಗಳು ಹಾಳಾಗಬಹುದು. ಹಾಗೆ "ಹೊಸ ವಿಂಡೋಸ್" ಹಾಕಿಸಿಕೊಂಡು ಮೂರನೇ ದಿನಕ್ಕೆ ನನ್ನ ಮೇಜಿಗೆ ಬಂದ ಮಷಿನ್ ಒಂದೆರಡಲ್ಲ.

ಪ್ರಶ್ನೆ ಕೇಳಿದವರು (ಮರುದಿನ): ಬೆಳಿಗ್ಗೆ ಎದ್ದು ನೋಡಿದರೆ ಹಾರ್ಡ್‌ವೇರ್ ಪ್ರಾಬ್ಲಂ ಸಿಕ್ಕಿದೆ ಅಂತ ಬರೆದಿತ್ತು. ಹೊಸ ರ‍್ಯಾಮ್ ತರಬೇಕಾ?

ಉತ್ತರ: ಈಗಲೇ ದುಡ್ಡು ಖರ್ಚು ಮಾಡಬೇಡಿ. ಸಿಪಿಯು ಡಬ್ಬ ಎಲ್ಲಿಟ್ಟಿದ್ದೀರಿ?

ಪ್ರಶ್ನೆ ಕೇಳಿದವರು: ಕಿಟಕಿ ಕೆಳಗೆ, ನೆಲದ ಮೇಲೆ. ಗೋಡೆ ಸ್ವಲ್ಪ ಪಸೆ ಇದೆ.

ಉತ್ತರ: ಅಂದುಕೊಂಡಿದ್ದೆ. ಮಳೆಗಾಲದ ಥಂಡಿಗೆ ರ‍್ಯಾಮಿನ ಹಲ್ಲುಗಳು ಮಂಕಾಗುತ್ತವೆ. ಸ್ಲಾಟಿನಲ್ಲಿ ಸರಿಯಾಗಿ ತಾಗುವುದಿಲ್ಲ, ಒಮ್ಮೊಮ್ಮೆ ತಾಗುತ್ತದೆ ಒಮ್ಮೊಮ್ಮೆ ಇಲ್ಲ. ಕಾರವಾರ, ಅಂಕೋಲಾ ಕಡೆಯಿಂದ ಬರುವ ಮಷಿನ್ನುಗಳಲ್ಲಿ ಉಪ್ಪುಗಾಳಿಗೆ ಹಸಿರು ಕಿಲುಬೇ ಹಿಡಿದಿರುತ್ತದೆ. ಘಟ್ಟದ ಮೇಲೆ ಅಷ್ಟು ಇಲ್ಲ, ಆದರೂ ಬಿಡುವುದಿಲ್ಲ.

ಪ್ಲಗ್ ತೆಗೆಯಿರಿ. ಬರೀ ಸ್ವಿಚ್ ಆಫ್ ಸಾಲದು, ವೈರನ್ನೇ ಎಳೆಯಿರಿ. ನಂತರ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗಲಿ. ಡಬ್ಬದ ಬಣ್ಣವಿಲ್ಲದ ಕಬ್ಬಿಣದ ಭಾಗ ಮುಟ್ಟಿ, ಮೈಯ ಸ್ಟ್ಯಾಟಿಕ್ ಇಳಿಯುತ್ತದೆ. ಎರಡೂ ತುದಿಯ ಕ್ಲಿಪ್ ಬಿಚ್ಚಿ ರ‍್ಯಾಮ್ ಮೇಲೆತ್ತಿ. ಬಂಗಾರದ ಬಣ್ಣದ ಹಲ್ಲುಗಳನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಒರೆಸಿ. ಮರಳುಕಾಗದ ಬೇಡ, ಆ ಬಂಗಾರದ ಲೇಪ ಕೂದಲೆಳೆಗಿಂತ ತೆಳು. ಒಬ್ಬರು ಕೊಬ್ಬರಿ ಎಣ್ಣೆ ಹಚ್ಚಿ ತಂದಿದ್ದರು, ದಯವಿಟ್ಟು ಅದೂ ಬೇಡ. ರಬ್ಬರಿನ ಪುಡಿ ಚೆನ್ನಾಗಿ ಕೊಡವಿ ತೆಗೆಯಿರಿ. ಅದು ಸ್ಲಾಟಿಗೆ ಬಿದ್ದರೆ ಇದ್ದ ತೊಂದರೆಗೆ ಇನ್ನೊಂದು ಸೇರುತ್ತದೆ.

ಎರಡು ರ‍್ಯಾಮ್ ಕಡ್ಡಿ ಇದ್ದರೆ ಮೊದಲು ಒಂದನ್ನೇ ಹಾಕಿ ಅದೇ ಪರೀಕ್ಷೆ ಮಾಡಿ. ನಂತರ ಇನ್ನೊಂದನ್ನು ಅದೇ ಸ್ಲಾಟಿಗೆ. ಯಾವುದು ಸೋಲುತ್ತದೋ ಅದೇ ಹಾಳು.

ಕುಮಟಾದ ಸದಸ್ಯರು: ಮಧ್ಯೆ ಬಾಯಿ ಹಾಕ್ತೇನೆ. ನನ್ನದು ವಿಂಡೋಸ್ 7. ಕ್ರೋಮಿನಲ್ಲಿ ಕೆಲವು ಸೈಟು ತೆರೆದರೆ ಆ ಟ್ಯಾಬ್ ಮಾತ್ರ ಸಾಯುತ್ತದೆ. ಇದೂ ರ‍್ಯಾಮಾ?

ಉತ್ತರ: ಅಲ್ಲ. ಯಾವಾಗಲೂ ಅವೇ ಸೈಟುಗಳಾದರೆ ಹಳೆಯ ಕ್ರೋಮಿನ ಮೇಲೇ ಅನುಮಾನ. ವಿಂಡೋಸ್ 7ಕ್ಕೆ ಕ್ರೋಮ್ 109 ಕೊನೆಯದು, 2023ರ ಶುರುವಿನಲ್ಲೇ ನಿಂತಿತು. ಫೈರ್‌ಫಾಕ್ಸಿನಲ್ಲಿ ಇಎಸ್‌ಆರ್ (ದೀರ್ಘಕಾಲ ಅಪ್‌ಡೇಟ್ ಸಿಗುವ ಆವೃತ್ತಿ) 115 ಕೊನೆಯದು. ಹೊಸ ಸೈಟುಗಳನ್ನು ಹೊಸ ಬ್ರೌಸರ್ ನೋಡಿಕೊಂಡು ಬರೆಯುತ್ತಾರೆ. ಸದ್ಯಕ್ಕೆ ಫೈರ್‌ಫಾಕ್ಸ್ ಇಎಸ್‌ಆರ್ ಹಾಕಿ ನೋಡಿ, ಆದರೆ ಬ್ಯಾಂಕ್ ಕೆಲಸ ಆ ಮಷಿನ್ನಿನಲ್ಲಿ ಬೇಡ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ): ಎರಡೂ ಕಡ್ಡಿ ಪರೀಕ್ಷೆಯಲ್ಲಿ ಪಾಸು! ರಬ್ಬರಿನ ಬೆಲೆ ಐದು ರೂಪಾಯಿ. ಫೈರ್‌ಫಾಕ್ಸ್ ಒಂದು ಸಲವೂ ಬಿದ್ದಿಲ್ಲ. ಆದರೆ ಹೊಸದೊಂದು ಕಾಟ. ಬುಕ್‌ಮಾರ್ಕ್ ಎಲ್ಲ ಖಾಲಿ ಕಾಣುತ್ತಿದೆ, ಹಿಂದೆ ಹೋಗುವ ಬಾಣವೂ ಕೆಲಸ ಮಾಡುತ್ತಿಲ್ಲ.

ಉತ್ತರ: ಹೆದರಬೇಡಿ. ಬಿದ್ದು ಬಿದ್ದು ಆದ ಗಾಯ ಅದು. ಬುಕ್‌ಮಾರ್ಕ್ ಮತ್ತು ಹಿಸ್ಟರಿ ಎರಡೂ ಪ್ಲೇಸಸ್ ಅನ್ನುವ ಒಂದೇ ಫೈಲಿನಲ್ಲಿರುತ್ತವೆ. ಬರೆಯುತ್ತಿರುವಾಗ ಬ್ರೌಸರ್ ಬಿದ್ದರೆ, ಕರೆಂಟ್ ಹೋದರೆ, ಅದು ಕೆಡಬಹುದು. ಹೆಲ್ಪ್ ಮೆನುವಿನಲ್ಲಿ ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್ ತೆರೆಯಿರಿ. ಕೆಳಗೆ ಹೋಗುತ್ತಾ ಪ್ಲೇಸಸ್ ಡೇಟಾಬೇಸ್ ಅಂತ ಸಿಗುತ್ತದೆ, ಅಲ್ಲಿ ವೆರಿಫೈ ಇಂಟಿಗ್ರಿಟಿ ಒತ್ತಿ. ಮೇಲ್ಗಡೆ ರಿಫ್ರೆಶ್ ಫೈರ್‌ಫಾಕ್ಸ್ ಬಟನ್ ಕಾಣುತ್ತದೆ. ಅದನ್ನು ಮುಟ್ಟಬೇಡಿ. ಅದು ಆ್ಯಡ್‌ಆನ್ ತೆಗೆಯುತ್ತದೆ, ಆದರೆ ಈ ಕೆಟ್ಟ ಫೈಲನ್ನೇ ಹೊಸ ಪ್ರೊಫೈಲಿಗೂ ಹೊತ್ತೊಯ್ಯುತ್ತದೆ.

ಆಮೇಲೂ ಬುಕ್‌ಮಾರ್ಕ್ ಬರದಿದ್ದರೆ, ಮ್ಯಾನೇಜ್ ಬುಕ್‌ಮಾರ್ಕ್ಸ್ ತೆರೆದು ಇಂಪೋರ್ಟ್ ಅಂಡ್ ಬ್ಯಾಕಪ್‌ನಲ್ಲಿ ರಿಸ್ಟೋರ್ ನೋಡಿ. ಫೈರ್‌ಫಾಕ್ಸ್ ತಾನಾಗಿಯೇ ಹಳೆಯ ದಿನಗಳ ಪ್ರತಿ ತೆಗೆದಿಟ್ಟಿರುತ್ತದೆ. ತಾರೀಕು ನೋಡಿ ಮಳೆಗಿಂತ ಮುಂಚಿನದು ಆರಿಸಿ. ಈಗಿರುವ ಬುಕ್‌ಮಾರ್ಕಿನ ಜಾಗಕ್ಕೆ ಅದು ಬರುತ್ತದೆ.

ಪ್ರಶ್ನೆ ಕೇಳಿದವರು: ಬಂತು, ಬಂತು. ಬಾಣವೂ ಸರಿಯಾಯಿತು. ಬುಕ್‌ಮಾರ್ಕ್ ಮೇ ತಿಂಗಳದ್ದು ಸಿಕ್ಕಿತು, ಅಷ್ಟು ಸಾಕು. ಸಿಪಿಯುವನ್ನು ಅಡಿಕೆ ಪೆಟ್ಟಿಗೆಯ ಮೇಲೆ ಎತ್ತಿಟ್ಟಿದ್ದೇನೆ.

ಉತ್ತರ: ಗೋಡೆಯಿಂದ ಒಂದು ಗೇಣು ಈಚೆಗೂ ಸರಿಸಿ. ಕೆಲಸ ಇಲ್ಲದಿದ್ದರೂ ಮಳೆಗಾಲ ಮುಗಿಯುವವರೆಗೆ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ಪಸೆ ಆರುತ್ತದೆ. ಮತ್ತೆ ಯುಪಿಎಸ್ ಬ್ಯಾಟರಿ ಎಷ್ಟು ಹಳೆಯದು? ಪ್ಲಗ್ ಎಳೆದು ನೋಡಿ, ಐದು ನಿಮಿಷ ತಾಳದಿದ್ದರೆ ಮುಂದಿನ ಸಲ ಪೇಟೆಗೆ ಬಂದಾಗ ಬದಲಿಸಿಕೊಂಡು ಹೋಗಿ.